ನಮ್ಮ ಶೆಡ್ಡಿನ ರೈಲು, ಊರಿನ ಟಿಸಿ

ಐಗಳಿ ಸುತ್ತಿನಲ್ಲಿ ನಮ್ಮ ಮನೆತನದ ಬಗ್ಗೆ ಹೊಸದಾಗಿ ಹೇಳಬೇಕಾದದ್ದು ಏನೂ ಇಲ್ಲ. ಆದರೆ ಈಚೆಗೆ ಕೆಲವರು ಮರೆತವರಂತೆ ಮಾತನಾಡುತ್ತಿರುವುದರಿಂದ ಹೇಳುತ್ತೇನೆ. ನಮ್ಮ ಮಾವನವರ ಅಜ್ಜ ಬಾವಿ ತೋಡಿಸಿದಾಗ ಮೊದಲ ನೀರು ಊರಿನ ಶಾಲೆಯ ಹಂಡೆಗೆ ಹೋಗಿ, ಆಮೇಲೆ ಮನೆಗೆ ಬಂತು. ಮಾವನವರು ಬಹಳ ವರ್ಷ ಸೊಸೈಟಿಯ ಚೇರಮನ್ನರಾಗಿದ್ದರು. ಅಷ್ಟು ವರ್ಷಗಳಲ್ಲಿ ಒಂದು ಚೀಲ ಗೊಬ್ಬರವನ್ನೂ ಸರದಿ ಬಿಟ್ಟು ಮನೆಗೆ ತರಿಸಲಿಲ್ಲ. ಕಬ್ಬು, ದ್ರಾಕ್ಷಿ ಎರಡನ್ನೂ ನಾಲ್ಕು ತಲೆಮಾರಿನಿಂದ ಬೆಳೆಯುತ್ತಿದ್ದೇವೆ. ತಂತಿಗೆ ಕೊಂಡಿ ಹಾಕಿ ಕರೆಂಟು ಎಳೆದವರು ನಮ್ಮ ಮನೆಯಲ್ಲಿ ಹುಟ್ಟಿಲ್ಲ. ಸೊಸೆಯಾಗಿಯೂ ಬಂದಿಲ್ಲ.

ಇಂಥ ಮನೆಯ ಹಿರಿಯ ಸೊಸೆಯ ಮೇಲೆ, "ಊರಿನ ಕರೆಂಟ್ ಕುಡಿಸಿ ರೈಲು ಸಾಕ್ಯಾಳ" ಎಂಬ ಮಾತು ಬಂದಿದೆ. ಹೊರಗಿನವರು ಅಂದಿದ್ದರೆ ನಾನು ಲೆಕ್ಕಿಸುತ್ತಿರಲಿಲ್ಲ. ಅಂದವರು ನನ್ನ ಸ್ವಂತ ಮೈದುನರು.

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಅರ್ಧ ಕೆಲಸ ಮಾಡಿ ಬಿಡುವುದನ್ನು ಅಲ್ಲಿ ಕಲಿಸಲಿಲ್ಲ. ಒಂದು ಕೆಲಸವನ್ನು ಪೂರ್ತಿ ಮಾಡುತ್ತೇನೆಂದು ಹಟ ಹಿಡಿದ ಮನೆಯಲ್ಲಿ ಈ ತರದ ಪ್ರಸಂಗಗಳು ಒಂದರ ಹಿಂದೊಂದು ಬರುತ್ತಲೇ ಇರುತ್ತವೆ. ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ಓದುವವರು ನಗಬಹುದು, ಅಡ್ಡಿಯಿಲ್ಲ. ಕೆಲವು ಕಡೆ ನಾನೂ ನಕ್ಕಿದ್ದೇನೆ.

ಮೂರು ಡಬ್ಬಿ

ನಮ್ಮ ಕಾನ್ವೆಂಟಿನ ಕಾಂಪೌಂಡಿನ ಆಚೆ ರೈಲು ಹಾದುಹೋಗುತ್ತಿತ್ತು. ಮಧ್ಯಾಹ್ನದ ಗಾಡಿ ಬರುವುದು ಸರಿಯಾಗಿ ಹೊಲಿಗೆ ತರಗತಿಯ ವೇಳೆಗೆ. ಸೂಜಿಯಿಂದ ಕಣ್ಣು ಎತ್ತಿದರೆ ಸಿಸ್ಟರ್ ಬೆರಳ ಗಂಟಿನ ಮೇಲೆ ಅಡಿಪಟ್ಟಿಯಿಂದ ಬಾರಿಸುತ್ತಿದ್ದರು. ಆದ್ದರಿಂದ ನಾನು ರೈಲನ್ನು ನೋಡದೆ, ಕಿವಿಯಿಂದಲೇ ಡಬ್ಬಿ ಎಣಿಸುವುದನ್ನು ಕಲಿತೆ. ದಿನವೂ ಹನ್ನೆರಡು. ಅಂದಿನಿಂದ ನನ್ನ ಮಟ್ಟಿಗೆ ರೈಲು ಎಂದರೆ ಹನ್ನೆರಡು ಡಬ್ಬಿ. ಅದಕ್ಕಿಂತ ಕಡಿಮೆಯಿದ್ದರೆ ಅದಕ್ಕೆ ಬೇರೆ ಹೆಸರು ಹುಡುಕಬೇಕು.

ಹೋದ ವರ್ಷ ನಿಪ್ಪಾಣಿಯಲ್ಲಿರುವ ಮೊಮ್ಮಗಳ ಹುಟ್ಟುಹಬ್ಬಕ್ಕೆಂದು ಪುಣೆಯ ಅಂಗಡಿಯಲ್ಲಿ ಒಂದು ರೈಲಿನ ಸೆಟ್ಟು ಕೊಂಡೆ. ಕೈಯಗಲದ ಇಂಜಿನ್, ಮೂರು ಡಬ್ಬಿ, ದುಂಡಗೆ ಜೋಡಿಸುವ ಹಳಿ, ಗೋಡೆಯ ಪ್ಲಗ್ಗಿಗೆ ಹಚ್ಚಿ ವೇಗ ಹೆಚ್ಚುಕಡಿಮೆ ಮಾಡುವ ಸೋಪಿನ ಪೆಟ್ಟಿಗೆಯಷ್ಟು ದೊಡ್ಡ ಕಂಟ್ರೋಲರ್. ಮೊಮ್ಮಗಳು ಎಲ್ಲವನ್ನೂ ಹೊರಗೆ ತೆಗೆದಿಟ್ಟು, ಖಾಲಿ ಪೆಟ್ಟಿಗೆಯೊಳಗೆ ಗೊಂಬೆಯನ್ನು ಮಲಗಿಸಿದಳು.

"ಆಯಿ, ಪೆಟ್ಟಿಗಿ ಭಾಳ ಚಂದ ಐತಿ. ರೈಲು ನೀನ ಇಟ್ಕೋ" ಎಂದಳು.

ಇಟ್ಟುಕೊಂಡೆ. ಊಟದ ಮೇಜಿನ ಮೇಲೆ ಹಳಿ ಜೋಡಿಸಿ ಓಡಿಸಿದೆ. ಯಜಮಾನರು ಪೇಪರ್ ಕೆಳಗಿಳಿಸಿ ನೋಡಿ, "ಇದೇನ ರೈಲೋ, ಟಂಟಂ ರಿಕ್ಷಾನೋ?" ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮೂರೇ ಡಬ್ಬಿ. ನಾನು ಇನ್ನೂ ಒಂಬತ್ತು ಡಬ್ಬಿ ತರಿಸಿದೆ.

ಹನ್ನೆರಡನ್ನೂ ಆ ಪುಟ್ಟ ಇಂಜಿನ್ನಿಗೆ ಕಟ್ಟಿದಾಗ ಅದರ ಗಾಲಿ ನಿಂತಲ್ಲೇ ಗಿರಗಿರನೆ ತಿರುಗಿದವು. ಇಂಜಿನ್ ಒಂದು ಬೆರಳೂ ಮುಂದೆ ಹೋಗಲಿಲ್ಲ. ನಮ್ಮ ಕಡೆ ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರಾಲಿ ಹೇರಿದ ಟ್ರ್ಯಾಕ್ಟರುಗಳು ಮುಂದಿನ ಗಾಲಿ ಎತ್ತಿಕೊಂಡು, ಸ್ಪೀಕರಿನಲ್ಲಿ ಹಾಡು ಹಚ್ಚಿಕೊಂಡು ಹೋಗುವುದನ್ನು ಎಲ್ಲರೂ ನೋಡಿದ್ದಾರೆ. ಯಜಮಾನರು ಕನ್ನಡಕ ಸರಿಪಡಿಸಿಕೊಂಡು ಬಗ್ಗಿ ನೋಡಿದರು.

"ಏನೂ ಕೆಟ್ಟಿಲ್ಲ ಅದು," ಎಂದರು. "ಹಾಡು ಹಚ್ಚು, ಎಳೀತೈತಿ."

ಎಷ್ಟು ಎಚ್‌ಪಿ?

ಹನ್ನೆರಡು ಡಬ್ಬಿಗೆ ಊಟದ ಮೇಜು ಸಾಲಲಿಲ್ಲ. ಇಂಜಿನ್ನಿನ ಮೂತಿ ಕೊನೆಯ ಡಬ್ಬಿಯ ಬೆನ್ನಿಗೆ ಮುಟ್ಟುತ್ತಿತ್ತು. ನಮ್ಮ ತೋಟದಲ್ಲಿ ಒಣದ್ರಾಕ್ಷಿ ಮಾಡುವ ಉದ್ದನೆಯ ಶೆಡ್ಡಿದೆ. ಬೇಸಿಗೆಯ ಹಂಗಾಮು ಮುಗಿದರೆ ವರ್ಷದ ಉಳಿದ ದಿನ ಅದು ಖಾಲಿ. ಅಲ್ಲಿ ಹಲಗೆ ಹಾಸಿ, ಶೆಡ್ಡಿನ ಈ ತುದಿಯಿಂದ ಆ ತುದಿಗೆ ಹೋಗಿ ತಿರುಗಿ ಬರುವಂತೆ ಹಳಿ ಹಾಕಿಸಿದೆ. ದ್ರಾಕ್ಷಿ ಅದ್ದುವ ಎಣ್ಣೆಯ ಜಿಡ್ಡು ಅಲ್ಲಿ ಎಲ್ಲದಕ್ಕೂ ಅಂಟುತ್ತದೆ. ದಿನವೂ ಹಳಿಯನ್ನು ನಾನೇ ಸ್ಪಿರಿಟಿನಿಂದ ಒರೆಸಿದೆ.

ಆಮೇಲೆ ಆ ಪುಟ್ಟ ಇಂಜಿನ್ನಿನ ಮೋಟರಿಗೆ ಶಕ್ತಿ ಹೆಚ್ಚಿಸಬಹುದೇ ಎಂದು ಕೇಳಲು, ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಅಥಣಿಗೆ ಹೋದೆ. ನೀರೆತ್ತುವ ಮೋಟರು ರಿವೈಂಡಿಂಗ್ ಮಾಡುವ ಮಿಸ್ತ್ರಿ ನಮಗೆ ಬಹಳ ವರ್ಷದ ಪರಿಚಯ. ಸುಟ್ಟ ಮೋಟರುಗಳ ನಡುವೆ ಕುಳಿತಿದ್ದರು. ತಲೆ ಎತ್ತದೆಯೇ ಕೇಳಿದರು:

"ಎಷ್ಟು ಎಚ್‌ಪಿ ಐತ್ರಿ ಅಕ್ಕಾರ?"

"ಎಚ್‌ಪಿ ಗೊತ್ತಿಲ್ಲ. ಹನ್ನೆರಡು ವೋಲ್ಟ್."

"ಹನ್ನೆರಡು ವೋಲ್ಟಿಗೆ ನೀರ ಬರಂಗಿಲ್ರಿ. ಬಾಂವಿದೋ, ಬೋರಿಂದೋ?"

"ರೈಲಿಂದು."

ಆಗ ತಲೆ ಎತ್ತಿದರು. ನಾನು ಕರವಸ್ತ್ರ ಬಿಚ್ಚಿದೆ. ಅವರು ಎರಡು ಬೆರಳಲ್ಲಿ ಇಂಜಿನ್ ಎತ್ತಿ, ಬೆಳಕಿಗೆ ಹಿಡಿದು, ಒಳಗಿನ ಮೋಟರನ್ನು ಬಹಳ ಹೊತ್ತು ನೋಡಿದರು. ಹುಣಸೆ ಬೀಜಕ್ಕಿಂತ ಸ್ವಲ್ಪ ದೊಡ್ಡದು.

"ಇದನ್ನ ರಿವೈಂಡ್ ಮಾಡಬೇಕಂದ್ರ," ಎಂದರು, "ಮೊದಲ ನನ್ನ ಬೆರಳು ರಿವೈಂಡ್ ಮಾಡಿಸಿ ಸಣ್ಣ ಮಾಡಬೇಕಾಗತೈತ್ರಿ."

ಆದರೂ ಮನುಷ್ಯ ತನ್ನ ಕೆಲಸ ಬಲ್ಲವರು. ಮುಂದಿನ ರವಿವಾರ ತಾವಾಗಿಯೇ ಶೆಡ್ಡಿಗೆ ಬಂದರು. ಕೆಲವು ಡಬ್ಬಿ ಬಿಚ್ಚಿ ಓಡಿಸಿದರೂ ರೈಲು ಕಂಟ್ರೋಲರ್ ಇದ್ದ ತುದಿಯಲ್ಲಿ ಜೋರಾಗಿ ಓಡಿ, ಆ ತುದಿಗೆ ಹೋಗುತ್ತ ಹೋಗುತ್ತ ಮಂದವಾಗುತ್ತಿತ್ತು. ಕಾರಣ ನನಗೆ ತಿಳಿದಿರಲಿಲ್ಲ. ಸೆಟ್ಟಿನ ಜೊತೆ ಬಂದ ಪುಸ್ತಕದಲ್ಲೂ ಇರಲಿಲ್ಲ. ಮಿಸ್ತ್ರಿಯವರು ಆ ತುದಿಯಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಒಂದೇ ಸುತ್ತು ನೋಡಿ ಹೇಳಿದರು:

"ಇದು ಲಾಸ್ಟ್ ಹೊಲದ ರೋಗಾರಿ ಅಕ್ಕಾರ. ಲೈನಿನ ಮುಂದ ಇದ್ದಾವ್ರ ಮೋಟರ್ ಗುಂಯ್ ಅಂತಾವು. ಕಡೀ ಹೊಲದಾಂವ ಬಲ್ಬ್ ನೋಡಕೋತ ಕುಂದರತಾನ. ಹಳಿ ಜಾಯಿಂಟ್ ಅದಾವಲ್ರಿ, ಒಂದೊಂದು ಜಾಯಿಂಟಿಗೂ ಒಂಚೂರು ಕರೆಂಟ್ ಸೋರತೈತಿ. ಸರಕಾರಿ ಅನುದಾನದಂಗ."

ಹಲಗೆಯ ಕೆಳಗೆ ದಪ್ಪ ತಂತಿ ಎಳೆದು ಐದು ಕಡೆ ಹಳಿಗೆ ಬೆಸುಗೆ ಹಾಕಿದರು. ರೈಲು ಎರಡೂ ತುದಿಯಲ್ಲಿ ಒಂದೇ ವೇಗದಲ್ಲಿ ಓಡಿತು. ಆಮೇಲೆ ಕಂಟ್ರೋಲರಿನ ಮೇಲೆ ಕೈಯಿಟ್ಟು ಥಟ್ಟನೆ ತೆಗೆದರು. ಅದು ಈಗಷ್ಟೇ ತವೆಯಿಂದ ಇಳಿಸಿದ ರೊಟ್ಟಿಯಂತೆ ಕಾದಿತ್ತು.

"ಲೋಡ್ ಹೆಚ್ಚ ಮಾಡೀರಿ, ಟಿಸಿ ಅಷ್ಟ ಐತಿ. ದೊಡ್ಡ ಟಿಸಿ ತರಸ್ರಿ."

ಹೊಲದ ಕಂಬದ ಮೇಲೆ ಕೂರುವ ಟ್ರಾನ್ಸ್‌ಫಾರ್ಮರಿಗೆ ನಮ್ಮ ಕಡೆ ಎಲ್ಲರೂ ಟಿಸಿ ಎನ್ನುತ್ತಾರೆ. ರೈಲಿನ ಕಂಟ್ರೋಲರೂ ಮಾಡುವುದು ಅದೇ ಕೆಲಸ: ದೊಡ್ಡ ಕರೆಂಟನ್ನು ಸಣ್ಣದು ಮಾಡಿ ಕೊಡುವುದು. ನಾನು ಮಾತಿನ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಮಿಸ್ತ್ರಿಯವರ ಮಾತು ಸರಿಯಾಗಿತ್ತು. ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಟಿಸಿ ಎಂದೇ ಆಯಿತು.

ಇಂಜಿನ್ ಬಂದೈತಿ

ಮುಂಬಯಿಯ ಅಂಗಡಿಯೊಂದಕ್ಕೆ ಬರೆದು ಹೊಸ ಇಂಜಿನ್ನಿಗೂ ಹೊಸ ಟಿಸಿಗೂ ಆರ್ಡರು ಕೊಟ್ಟೆ. ಇಂಜಿನ್ ಲೋಹದ ಮೈಯದು, ಎಲ್ಲ ಗಾಲಿಗೂ ಎಳೆಯುವ ಶಕ್ತಿ ಇರುವಂಥದು. ಆರ್ಡರು ಕೊಟ್ಟದ್ದನ್ನು ಯಜಮಾನರಿಗೆ ಹೇಳಿದ್ದೆ. ಅವರು ಹೂಂ ಎಂದಿದ್ದರು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಆ ಹೂಂ ಎಂದರೆ ಕೇಳಿಸಿಕೊಂಡಿಲ್ಲ ಎಂದು ನನಗೆ ತಿಳಿದಿರಬೇಕಿತ್ತು.

ಪಾರ್ಸೆಲ್ ಬಂದ ದಿನ ನಾನು ರಾಯಬಾಗಕ್ಕೆ ಹೋಗಿದ್ದೆ. ಅಥಣಿಯ ಕೊರಿಯರಿನವನ ಫೋನನ್ನು ಯಜಮಾನರು ಎತ್ತಿದರು.

"ಬಾಯಾರ ಹೆಸರಿಲೆ ಇಂಜಿನ್ ಬಂದೈತ್ರಿ. ಹೆವಿ ಅಂತ ಬರದಾರ. ಒಯ್ಯಾಕ ಬರ್ರಿ."

ಒಂದು ತಿಂಗಳಿನಿಂದ ನನ್ನ ಬಾಯಲ್ಲಿ 'ಪವರ್ ಸಾಲುತ್ತಿಲ್ಲ' ಎಂಬ ಮಾತು ಕೇಳುತ್ತಿದ್ದ ಯಜಮಾನರು, ನಾನು ಶೆಡ್ಡಿಗೆ ಜನರೇಟರಿನ ಡೀಸೆಲ್ ಇಂಜಿನ್ ತರಿಸಿದ್ದೇನೆಂದು ತಿಳಿದರು. ನಮ್ಮ ಮನೆಯಲ್ಲಿ ಯಾವ ಕೆಲಸವೂ ಸಣ್ಣದಾಗಿ ಆಗುವುದಿಲ್ಲ. ಟ್ರ್ಯಾಕ್ಟರು, ಟ್ರಾಲಿ, ನಾಲ್ಕು ಆಳು, ಹಗ್ಗ, ಎರಡು ಬೊಂಬು, ಭಾರ ಎತ್ತುವ ಸರಪಳಿ, ಎಲ್ಲ ಅಥಣಿಗೆ ಹೋಯಿತು.

ನಾನು ಮನೆಗೆ ಬಂದಾಗ ಟ್ರಾಲಿ ಅಂಗಳದೊಳಗೆ ಬರುತ್ತಿತ್ತು. ನಾಲ್ಕು ಮೂಲೆಗೆ ನಾಲ್ವರು ಕುಳಿತಿದ್ದರು. ಟ್ರಾಲಿಯ ನಟ್ಟನಡುವೆ, ಗೋಣಿಚೀಲ ಹಾಸಿ, ನಾಲ್ಕೂ ಕಡೆಯಿಂದ ಹಗ್ಗ ಬಿಗಿದು ಕಟ್ಟಿದ್ದ ಒಂದು ಚಪ್ಪಲಿ ಪೆಟ್ಟಿಗೆ.

"ಇಷ್ಟಕ್ಕ ಹಗ್ಗಾ ಯಾಕ ಕಟ್ಟೀರಿ?" ಎಂದೆ.

ಹಿರಿಯ ಆಳು ಗಂಭೀರವಾಗಿ ಹೇಳಿದ: "ಸಾವಕಾರ್ರು ಭಾರ ಐತಿ, ಬಿಗಿದ ಕಟ್ರಿ ಅಂದಿದ್ರು. ಕಟ್ಟೀವ್ರಿ."

"ಇಷ್ಟು ತರಾಕ ನಾಲ್ಕು ಮಂದಿ ಬೇಕಾ?"

"ಬೇಕಾತ್ರಿ ಅವ್ವಾರ. ಒಬ್ಬಾಂವ ಎತ್ತಾಕ. ಉಳದ ಮೂವರು ಅವನ ನಗಿ ನಿಲ್ಲಸಾಕ."

ಜೋಡಿ

ಹೊಸ ಇಂಜಿನ್ ಎಂಟು ಡಬ್ಬಿಯನ್ನು ಸಲೀಸಾಗಿ ಎಳೆಯಿತು. ಹನ್ನೆರಡಕ್ಕೆ ತಿರುವಿನಲ್ಲಿ ಜಾರಿತು. ನಾನು ಅದೇ ಜಾತಿಯ ಇನ್ನೊಂದು ತರಿಸಿ ಎರಡನ್ನೂ ಕೂಡಿಸಿ ಕಟ್ಟಿದೆ. ಒಂದೇ ಕಾರ್ಖಾನೆ, ಒಂದೇ ಬಣ್ಣ, ಬೆಲೆಯೂ ಒಂದೇ. ಆದರೂ ಒಂದು ಎಳೆದರೆ ಇನ್ನೊಂದು ನೂಕಿತು. ಅವುಗಳ ಜಗ್ಗಾಟಕ್ಕೆ ಹಿಂದಿನ ಡಬ್ಬಿಗಳು ಹಳಿ ಬಿಟ್ಟು ಹಲಗೆಯ ಮೇಲೆ ಉರುಳಿದವು. ನಾಲ್ಕು ದಿನ ಹೀಗೇ ನಡೆಯಿತು.

ನಮ್ಮ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುವ ಕುರುಬ ಅಜ್ಜ ಒಬ್ಬರಿದ್ದಾರೆ. ಅವರು ಶೆಡ್ಡಿನ ಬಾಗಿಲಲ್ಲಿ ಕೋಲಿಗೆ ಗಲ್ಲ ಊರಿ ನಿಂತು ಇದನ್ನೆಲ್ಲ ನೋಡುತ್ತಿದ್ದರು. ಐದನೆಯ ದಿನ ಬಾಯಿ ಬಿಟ್ಟರು.

"ಜೋಡಿ ಕೂಡಿಲ್ರಿ ಅವ್ವಾರ."

"ಎರಡೂ ಒಂದ ತರದವು ಅದಾವಲ್ಲ, ಅಜ್ಜಾರ."

"ಬಣ್ಣಾ ಒಂದ ಐತ್ರಿ, ನಡಿಗಿ ಒಂದ ಇಲ್ಲ. ಎತ್ತಿನ ಪ್ಯಾಟ್ಯಾಗ ಬಣ್ಣಾ ನೋಡಿ ಜೋಡಿ ಹಿಡದಾಂವ ಮನಿ ಮುಟ್ಟಂಗಿಲ್ರಿ. ಬಿಚ್ಚಿ ಒಂದೊಂದ ಓಡಸ್ರಿ, ನಾ ನೋಡತೀನಿ."

ಓಡಿಸಿದೆ. ಅಜ್ಜ ಹಳಿಯ ಪಕ್ಕದಲ್ಲಿ ಒಂದೊಂದರ ಜೊತೆಗೂ ಶೆಡ್ಡಿನ ಉದ್ದಕ್ಕೆ ನಡೆದು ಹೆಜ್ಜೆ ಎಣಿಸಿದರು. ಒಂದು ಅವರಿಗಿಂತ ಎರಡು ಹೆಜ್ಜೆ ಮುಂದೆ, ಇನ್ನೊಂದು ಮೂರು ಹೆಜ್ಜೆ ಹಿಂದೆ.

"ಇದು ಚುರುಕು, ಅದು ಮೈಗಳ್ಳ. ಚುರುಕಿನದರ ಮೈಮ್ಯಾಲೆ ಒಂಚೂರು ಹೇರ ಹಾಕಿ ಮುಂದ ಕಟ್ರಿ. ಮೈಗಳ್ಳ ಹಿಂದ ಇರಲಿ, ನಾಚಿಕಿಗಾದ್ರೂ ಬರತೈತಿ."

ಕಾರಿನ ಗಾಲಿಗೆ ತೂಕ ಸರಿಮಾಡಲು ಹಚ್ಚುವ ಸೀಸದ ತುಂಡುಗಳನ್ನು ಟೈರಿನ ಅಂಗಡಿಯಿಂದ ತರಿಸಿ, ಚುರುಕಿನದರ ಹೊಟ್ಟೆಯೊಳಗೆ ಅಂಟಿಸಿದೆ. ತೂಕ ಬಿದ್ದದ್ದರಿಂದ ಅದರ ವೇಗವೂ ಇಳಿಯಿತು, ಹಳಿಯ ಮೇಲಿನ ಹಿಡಿತವೂ ಹೆಚ್ಚಿತು. ಹೊಸ ಟಿಸಿಯ ಮೇಲೆ ವೇಗ ಬದಲಿಸುವ ಗುಬ್ಬಿಯನ್ನು ಮೆಲ್ಲಗೆ ತಿರುಗಿಸಿದೆ. ಎರಡೂ ಇಂಜಿನ್ ಒಂದೇ ಉಸಿರಿಗೆ ಹೊರಟವು. ನಾನು ಬೆನ್ನು ತಿರುಗಿಸಿ ನಿಂತು, ಜಾಯಿಂಟಿನ ಮೇಲೆ ಗಾಲಿ ಬೀಳುವ ಸದ್ದು ಎಣಿಸಿದೆ. ಹನ್ನೆರಡು. ಮತ್ತೊಂದು ಸುತ್ತು. ಹನ್ನೆರಡು. ಅಥಣಿಗೆ ಇಂದಿಗೂ ರೈಲಿಲ್ಲ. ಆದರೆ ನಮ್ಮ ತೋಟದಲ್ಲಿ ಪೂರ್ತಿ ಹನ್ನೆರಡು ಡಬ್ಬಿಯ ರೈಲು, ನಾನು ಬರೆದು ತೂಗುಹಾಕಿದ ವೇಳಾಪತ್ರಿಕೆಯ ಪ್ರಕಾರ, ನಿಮಿಷ ತಪ್ಪದೆ ಓಡುತ್ತದೆ. ಈ ಮಾತನ್ನು ಬರೆಯುವಾಗ ನನಗೆ ಯಾವ ಸಂಕೋಚವೂ ಇಲ್ಲ.

ಅಜ್ಜ ನಾಲ್ಕು ಸುತ್ತು ನೋಡಿದರು.

"ಭಾಳ ಚಲೋ ಆತ್ರಿ. ಆದ್ರ ಒಂದು ಮಾತ ಕೇಳತೀನಿ. ಇದು ಎಲ್ಲಿಗೂ ಹೋಗಂಗಿಲ್ಲ ಹೌದಲ್ರಿ? ಸುತ್ತಿ ಇಲ್ಲೇ ಬರತೈತಿ?"

"ಹೌದು."

"ನಮ್ಮ ಕುರಿನೂ ಹಂಗರಿ," ಎಂದರು ಅಜ್ಜ. "ಆದ್ರ ಅವು ಗೊಬ್ಬರಾ ಕೊಡತಾವು."

ಚಿಕ್ಕೋಡಿಯ ಮದುವೆ

ಇನ್ನು ಮೈದುನರ ವಿಷಯ. ಅವರು ಯಜಮಾನರ ತಮ್ಮ. ಅವರ ದ್ರಾಕ್ಷಿ ತೋಟ ನಮ್ಮದಕ್ಕೆ ಹತ್ತಿಕೊಂಡೇ ಇದೆ. ನಮ್ಮದು, ಅವರದು ಸೇರಿ ಹದಿಮೂರು ಜನರ ಮೋಟರಿಗೆ ಕಂಬದ ಮೇಲಿನ ಒಂದೇ ಟಿಸಿ. ದ್ರಾಕ್ಷಿಯ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಮುಗಿದು ಬಳ್ಳಿಗೆ ನೀರು ಬೇಕೇಬೇಕಾದ ವೇಳೆಗೆ ಸರಿಯಾಗಿ ಆ ಟಿಸಿ ಸುಟ್ಟಿತು. ಕರೆಂಟಿನ ಆಫೀಸಿಗೆ ದಿನವೂ ಒಬ್ಬರು ಹೋಗಿ ಬಂದರು. ಪಾಳಿ ಬರಲಿ ಎಂಬ ಉತ್ತರ ಬಂತು. ಹದಿನೈದು ದಿನವಾದರೂ ಪಾಳಿ ಬರಲಿಲ್ಲ. ಚಿಗುರು ಬಾಡತೊಡಗಿತ್ತು. ನಮ್ಮದೂ ಬಾಡಿತ್ತು ಎಂಬುದನ್ನು ದಯವಿಟ್ಟು ಗಮನಿಸಬೇಕು. ರೈಲು ಓಡುತ್ತಿದ್ದದ್ದು ಮನೆಯ ಲೈನಿನ ಮೇಲೆ. ಅದಕ್ಕೂ ಹೊಲದ ಟಿಸಿಗೂ ಯಾವ ಸಂಬಂಧವೂ ಇಲ್ಲ.

ಆ ದಿನಗಳಲ್ಲೇ ಚಿಕ್ಕೋಡಿಯಲ್ಲಿ ಬಂಧುಗಳ ಮದುವೆ. ಊಟದ ಪಂಕ್ತಿಯಲ್ಲಿ ಎದುರು ಕುಳಿತಿದ್ದ ನನ್ನ ಅಕ್ಕ, ರೈಲಿನ ಕೆಲಸ ಎಲ್ಲಿಗೆ ಬಂತೆಂದು ಕೇಳಿದಳು.

"ಹಳೇ ಟಿಸಿ ಸುಡೂ ಹಂತಕ್ಕ ಬಂದಿತ್ತು," ಎಂದೆ. "ಹೊಸಾ ದೊಡ್ಡ ಟಿಸಿ ತರಸೀನಿ. ರೈಲಿಗೆ ಈಗ ಏನೂ ತ್ರಾಸಿಲ್ಲ."

ಕೊನೆಯ ಸಾಲಿನವರಿಗೂ ಕೇಳುವಂತೆ ಸ್ಪಷ್ಟವಾಗಿ ಮಾತನಾಡಬೇಕೆಂದು ಕಾನ್ವೆಂಟಿನಲ್ಲಿ ಕಲಿಸಿದ್ದಾರೆ. ಮೈದುನರು ಕೊನೆಯ ಸಾಲಿನಲ್ಲಿ ಕುಳಿತಿದ್ದರು. ಹೋಳಿಗೆಯನ್ನು ಅರ್ಧಕ್ಕೆ ಬಿಟ್ಟು ಎದ್ದರು. ಆ ಮದುವೆಯ ಹೋಳಿಗೆ ಬಿಡುವಂಥದ್ದಾಗಿರಲಿಲ್ಲ. ಆಗಲೇ ನನಗೆ ಸಂಶಯ ಬರಬೇಕಿತ್ತು.

ಮರುದಿನ ಬೆಳಿಗ್ಗೆ ಅವರು ಹನ್ನೊಂದು ಜನ ರೈತರನ್ನೂ ಲೈನಮನ್‌ನನ್ನೂ ಕರೆದುಕೊಂಡು ಶೆಡ್ಡಿಗೆ ಬಂದರು. ಯಜಮಾನರು ಸಕ್ಕರೆ ಕಾರ್ಖಾನೆಯ ಕಡೆ ಹೋಗಿದ್ದರು.

"ವೈನಿ, ಟಿಸಿ ತೋರಸ್ರಿ."

"ಮೊದಲ ಚಪ್ಪಲ್ ಹೊರಗ ಬಿಡ್ರಿ. ಹಳಿಗೆ ಧೂಳ ಆಗತೈತಿ."

ಬಿಟ್ಟು ಬಂದರು. ಎಲ್ಲರೂ ಕತ್ತೆತ್ತಿ ಮಾಡು ನೋಡಿದರು, ಕಂಬ ಹುಡುಕಿದರು. ಮೈದುನರು ಶೆಡ್ಡಿನ ಹಿಂದೆಯೂ ಹೋಗಿ ಬಂದರು.

"ಊರೆಲ್ಲ ನೀರಿಲ್ದ ಸಾಯಾಕತ್ತೈತಿ, ನೀವು ರೈಲಿಗೆ ಟಿಸಿ ತಂದೀರಿ. ಎಲ್ಲಿ ಮುಚ್ಚಿಟ್ಟೀರಿ?"

"ಮುಚ್ಚಿಟ್ಟಿಲ್ಲ. ಧೂಳ ಬೀಳಬಾರದಂತ ಹೊಚ್ಚಿಟ್ಟೀನಿ" ಎಂದು ನಾನೇ ಕಸೂತಿ ಹಾಕಿದ ಬಟ್ಟೆಯನ್ನು ತೆಗೆದೆ. ಕೆಳಗೆ ಊಟದ ಡಬ್ಬಿಯಷ್ಟು ದೊಡ್ಡ ಕಪ್ಪು ಪೆಟ್ಟಿಗೆ, ಮೇಲೊಂದು ಗುಬ್ಬಿ. "ಇದ ಟಿಸಿ."

ಎಲ್ಲರೂ ಬಗ್ಗಿ ನೋಡಿದರು. ಹಿಂದಿನಿಂದ ಒಬ್ಬರು ಮೆಲ್ಲಗೆ ಕೇಳಿದರು: "ಸುಡೂಕಿನ ಮೊದಲ ನಮ್ಮ ಟಿಸಿ ಮರಿ ಹಾಕಿತ್ತೇನಪಾ?"

ಮೈದುನರು ಸೋಲುವವರಲ್ಲ. "ಸಣ್ಣದಿದ್ರೂ ಕರೆಂಟ್ ಎಷ್ಟ ತಿಂತೈತಿ ನೋಡಲೇ" ಎಂದು ಲೈನಮನ್‌ಗೆ ಹೇಳಿದರು. ಅವನು ಇಕ್ಕಳದಂತೆ ತಂತಿಯನ್ನು ಹಿಡಿದು ಕರೆಂಟು ಅಳೆಯುವ ಟಾಂಗ್ ಟೆಸ್ಟರನ್ನು ತಂದಿದ್ದ. ನಾನು ರೈಲನ್ನು ಪೂರ್ತಿ ವೇಗದಲ್ಲಿ ಬಿಟ್ಟೆ. ಮುಳ್ಳು ಅಲುಗಲಿಲ್ಲ. ಅವನು ಟೆಸ್ಟರನ್ನು ಬಡಿದು ನೋಡಿದ, ಮತ್ತೆ ಹಚ್ಚಿದ. ಮುಳ್ಳು ಸೊನ್ನೆಯ ಮೇಲೇ ಕುಳಿತಿತ್ತು.

"ಸಾವಕಾರ್ರ," ಎಂದ ಲೈನಮನ್, "ಇದು ಏನೂ ತಿನ್ನಾಕತ್ತಿಲ್ರಿ. ಇದರದು ಏಕಾದಶಿ ಐತಿ."

ಎಲ್ಲರೂ ನಕ್ಕರು. ಆಮೇಲೆ ಯಾರೂ ಹೋಗಲಿಲ್ಲ. ಹನ್ನೊಂದು ಜನವೂ ಹಳಿಯ ಸುತ್ತ ಕುಳಿತರು. ಒಬ್ಬರು "ಇದು ಕುಡಚಿಗೆ ನಿಲ್ಲತೈತೇನ್ರಿ?" ಎಂದರೆ, ಇನ್ನೊಬ್ಬರು "ಇದು ಎಕ್ಸ್‌ಪ್ರೆಸ್ ಐತೋ, ನಿನ್ನ ಸಲುವಾಗಿ ನಿಲ್ಲಂಗಿಲ್ಲ" ಎಂದರು. ಚಹಾ ಕೊಟ್ಟೆ. ಮೈದುನರು ಮಾತ್ರ ನಿಂತೇ ಕುಡಿದರು. ಕಪ್ಪು ಇಡುತ್ತ, "ಸಣ್ಣದೈತಿ ಅಂತ ಮೊದಲ ಹೇಳಬೇಕಾಗಿತ್ತು" ಎಂದರು.

ಇದನ್ನು ಕ್ಷಮೆ ಎಂದು ಕೆಲವರು ಭಾವಿಸಿದ್ದಾರೆ. ಇದು ಕ್ಷಮೆಯಲ್ಲ, ಆಕ್ಷೇಪಣೆ.

ಸ್ಟೇಷನ್ ಎಲ್ಲಿ?

ಅಷ್ಟಕ್ಕೇ ಮುಗಿದಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ. ಆದರೆ ಮೈದುನರು ಮದುವೆಯಿಂದ ಬಂದ ಸಂಜೆಯೇ ಒಂದು ದೂರು ಬರೆದು, ಎಲ್ಲರ ಸಹಿ ಹಾಕಿಸಿ, ಕರೆಂಟಿನ ಆಫೀಸಿಗೆ ಕಳಿಸಿಬಿಟ್ಟಿದ್ದರು. ಅದು ನಮಗೆ ತಿಳಿದದ್ದು ನಾಲ್ಕನೆಯ ದಿನ.

ಆ ದಿನ ಬೆಳಿಗ್ಗೆ ಒಂದು ಲಾರಿ ಬಂತು. ಅದರಲ್ಲಿ ಹೊಚ್ಚ ಹೊಸ ಟಿಸಿ, ಸುಟ್ಟುಹೋದದ್ದಕ್ಕಿಂತ ದೊಡ್ಡದು. ಕೆಲಸದವರು ಯಾರಿಗೂ ಏನೂ ಹೇಳದೆ, ಒಂದು ಚಹಾ ಕೂಡ ಕೇಳದೆ, ಹಳೆಯದನ್ನು ಇಳಿಸಿ ಹೊಸದನ್ನು ಏರಿಸಿದರು. ಮಧ್ಯಾಹ್ನಕ್ಕೆ ಹದಿಮೂರೂ ಮೋಟರು ಚಾಲೂ ಆದವು. ಊರಿನವರಿಗೆ ಸಂತೋಷಕ್ಕಿಂತ ಹೆದರಿಕೆಯೇ ಹೆಚ್ಚಾಯಿತು. ಇಷ್ಟು ಬೇಗ ಕೆಲಸ ಆದದ್ದನ್ನು ಅವರು ಕಂಡಿರಲಿಲ್ಲ.

ಸ್ವಲ್ಪ ಹೊತ್ತಿಗೆ ನಮ್ಮ ಬಾಗಿಲಿಗೆ ಜೀಪು ಬಂತು. ಹೊಸದಾಗಿ ವರ್ಗವಾಗಿ ಬಂದ ಸಾಹೇಬರು, ಮೈಸೂರು ಕಡೆಯವರು. ಕೈಯಲ್ಲಿ ಫೈಲು.

"ನಮಸ್ಕಾರ ಮೇಡಂ. ರೈಲ್ವೆಯವರ ಕ್ಯಾಂಪು ನಿಮ್ಮ ತೋಟದಲ್ಲೇ ಅಲ್ವಾ? ಸ್ಟೇಷನ್ ಎಲ್ಲಿ ಬರುತ್ತೆ?"

ನಾನು ಫೈಲು ಕೇಳಿ ಪಡೆದು ಓದಿದೆ. ಮೈದುನರ ಅಕ್ಷರ. ಮೊದಲ ಸಾಲಿನಲ್ಲಿ, ರೈತರ ಟಿಸಿ ಸುಟ್ಟು ಹದಿನೈದು ದಿನಗಳಾಗಿವೆ. ಎರಡನೆಯದರಲ್ಲಿ, ಇದೇ ವೇಳೆ ರೈಲ್ವೆ ಸಲುವಾಗಿ ಬೇರೆ ಟಿಸಿ ಬಂದು ರೈಲು ಓಡಾಡುತ್ತಿದೆ. ಮೂರನೆಯದರಲ್ಲಿ, ಊರಿನ ಪ್ರತಿಷ್ಠಿತ ಮನೆತನದವರು ಈ ಕರೆಂಟನ್ನು 'ಅನಧೀಕ್ರತ'ವಾಗಿ ಬಳಸುತ್ತಿದ್ದಾರೆ. ಆರೋಪವೂ ತಪ್ಪು, ಕಾಗುಣಿತವೂ ತಪ್ಪು.

ಆಫೀಸಿನವರು ಮೂರನೆಯ ಸಾಲಿನವರೆಗೆ ಓದಿರಲಿಲ್ಲ. ಅಥಣಿ ಕಡೆ ರೈಲು ಬರುತ್ತದೆಂಬ ಮಾತು ನಾನು ಸೊಸೆಯಾಗಿ ಬಂದಾಗಿನಿಂದ ಇದೆ. ಎರಡನೆಯ ಸಾಲು ನೋಡಿದ್ದೇ, ರೈಲ್ವೆ ಕೆಲಸ ಶುರುವಾಗಿದೆ, ಕರೆಂಟು ಇಲ್ಲವೆಂದು ಮೇಲಿನವರು ಕೇಳಿದರೆ ಕಷ್ಟ ಎಂದು ಸಾಹೇಬರು ಮೊದಲು ಟಿಸಿ ಏರಿಸಿ, ಆಮೇಲೆ ವಿಚಾರಿಸಲು ಬಂದಿದ್ದರು.

ಅವರನ್ನು ಶೆಡ್ಡಿಗೆ ಕರೆದುಕೊಂಡು ಹೋಗಿ ಗುಬ್ಬಿ ತಿರುಗಿಸಿದೆ. ಎರಡು ಇಂಜಿನ್, ಹನ್ನೆರಡು ಡಬ್ಬಿ ಅವರ ಮೊಣಕಾಲಿನ ಎದುರು ಹಾದುಹೋದವು.

"ಇದೇನಾ?" ಎಂದರು ಸಾಹೇಬರು.

"ಇದೇ" ಎಂದೆ.

ಅವರು ದ್ರಾಕ್ಷಿ ಕ್ರೇಟೊಂದನ್ನು ಮಗುಚಿ ಅದರ ಮೇಲೆ ಕುಳಿತರು. ಎರಡು ಸುತ್ತು ನೋಡಿದರು. ಆಮೇಲೆ ಬಾಗಿಲಲ್ಲಿದ್ದ ಲೈನಮನ್‌ನನ್ನು ಕೇಳಿದರು: "ಆ ಟಿಸಿ ವಾಪಸ್ ಇಳಿಸೋಕಾಗುತ್ತಾ?"

"ಆಗತೈತ್ರಿ ಸಾಹೇಬ್ರ. ಇಳಸಾಕ ಬ್ಯಾರೆ ಅರ್ಜಿ ಬೇಕ್ರಿ. ಅದರ ಪಾಳಿ ಬರೂತನಾ ಕಾಯಬೇಕು."

ಸಾಹೇಬರು ಇನ್ನೊಂದು ಸುತ್ತು ನೋಡಿ ಎದ್ದರು. ಹೋಗುವಾಗ, "ಮೇಡಂ, ಕರೆಕ್ಟ್ ಟೈಮಿಗೆ ಓಡುತ್ತೆ" ಎಂದರು. ಸರಕಾರದ ಅಧಿಕಾರಿಯೊಬ್ಬರ ಬಾಯಿಂದ ಬಂದ ಮಾತು ಇದು. ದೂರಿನ ಪುಟಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಲು ಅನುಮತಿಯನ್ನೂ ಕೊಟ್ಟರು.

ಹೀಗೆ ನನ್ನ ರೈಲಿನಿಂದ ಹದಿಮೂರು ತೋಟಗಳ ಬಳ್ಳಿ ಉಳಿಯಿತು. ಆದರೆ ಕಂಬದ ಕೆಳಗೆ ತೆಂಗಿನಕಾಯಿ ಒಡೆದು ಹಾರ ಹಾಕಿಸಿಕೊಂಡವರು ಮೈದುನರು. ತಮ್ಮ ಕಾಗದದಿಂದಲೇ ಟಿಸಿ ಬಂತೆಂದು ಊರಿಗೆಲ್ಲ ಪೇಡೆ ಹಂಚಿದರು. ನಮ್ಮ ಮನೆಗೂ ಕಳಿಸಿದರು. ನಾನು ಪೇಡೆಯನ್ನು ಮುಟ್ಟದೆ ಹಾಗೆಯೇ ವಾಪಸು ಕಳಿಸಿದೆ.

ಯಜಮಾನರಿಗೆ ಅದು ಸರಿಬರಲಿಲ್ಲ. "ಬಿಡು ಇನ್ನ. ನೀರ ಬಂತಲ್ಲ" ಎಂದರು.

"ನೀರು ಬಂತು. ನಮ್ಮ ಮನೀ ಹೆಸರು ಇನ್ನೂ ಆ ಫೈಲಿನ್ಯಾಗ ಐತಿ" ಎಂದೆ. ಕನ್ನಡಕ ಹಾಕಿಕೊಂಡು, ಮೊಬೈಲಿನಲ್ಲಿ ಎರಡನೆಯ ಪುಟ ತೆಗೆದು, ಯಾರ್ಯಾರು ಸಹಿ ಹಾಕಿದ್ದಾರೆಂದು ಒಬ್ಬೊಬ್ಬರನ್ನೇ ಓದಿ ಹೇಳತೊಡಗಿದೆ. ಹತ್ತು, ಹನ್ನೊಂದು, ಹನ್ನೆರಡು. ಹದಿಮೂರನೆಯದರ ಹತ್ತಿರ ಬಂದಾಗ ಯಜಮಾನರು ಎದ್ದು ಚಪ್ಪಲಿ ಹುಡುಕತೊಡಗಿದರು.

ಹದಿಮೂರನೆಯ ಸಹಿ ಅವರದು. ಕೆಳಗೆ ಗೆರೆ ಎಳೆದು, ಎರಡು ಚುಕ್ಕಿ ಇಟ್ಟು, ಚಂದವಾಗಿ ಹಾಕಿದ್ದಾರೆ.

"ಏನಿದು?" ಎಂದೆ.

"ತಮ್ಮ ತಂದಿದ್ದ. ಟಿಸಿ ಅರ್ಜಿ ಅಂದ. ನಮ್ಮ ಮೋಟರೂ ಬಂದ್ ಇತ್ತಲ್ಲ, ಹಾಕಿದೆ."

"ಓದಿದ್ರೇನು?"

"ತಮ್ಮ ಬರದದ್ದ ಓದೂದೇನೈತಿ?"

"ಅವರು ಕೇಳಿದಾಗ ನೀವೇನಂದ್ರಿ?"

ಯಜಮಾನರು ಒಂದು ಕಾಲಿಗೆ ಚಪ್ಪಲಿ ಮೆಟ್ಟಿದರು.

"ಹೂಂ ಅಂದೆ."

ಮೈದುನರು ಆ ಹದಿಮೂರು ಜನರ ಮುಂದೆ, ಆ ಕಂಬದ ಕೆಳಗೆ ನಿಂತು, ಬರವಣಿಗೆಯಲ್ಲಿ, ಸರಿಯಾದ ಕಾಗುಣಿತದಲ್ಲಿ ನನ್ನ ಕ್ಷಮೆ ಕೇಳಬೇಕು. ಯಜಮಾನರೂ ಕೇಳಬೇಕು.